ತಾಯವ್ವನ ವಯಸ್ಸು ನಲವತ್ತಾರು

ತೇರದಾಳದ ಮಹಾಲಿಂಗ ಜಮಖಂಡಿಯ ಒಂದು ಆಯುರ್ವೇದ ಕಾಲೇಜಿಗೆ ಕಂಪ್ಯೂಟರ್ ಕಲಿಸಲು ಸೇರಿದ್ದು 2003ರಲ್ಲಿ. ನಾಳೆ ಡಾಕ್ಟರಾಗುವವರು ತಾವು ನೋಡಿದ ರೋಗಿಗಳ ಪಟ್ಟಿಯನ್ನು ತಾವೇ ಕಂಪ್ಯೂಟರಿನಲ್ಲಿ ಮಾಡುವಂತಾಗಬೇಕು. ಅವನಿಗಿದ್ದ ಆಸೆ ಇಷ್ಟೇ. ಆರು ವರ್ಷವಾದರೂ ಅದು ಈಡೇರಿರಲಿಲ್ಲ. ಹುಡುಗರಿಗೆ ಬೇಕಾಗಿದ್ದದ್ದು ಪರೀಕ್ಷೆಗೆ ಒಪ್ಪಿಸುವ, ಅವನ ಸಹಿ ಬಿದ್ದ ಪ್ರಾಕ್ಟಿಕಲ್ ಜರ್ನಲ್ ಒಂದೇ. ಹೃದಯದ ಚಿತ್ರ ಬರೆದ ಹಾಗೆ ಮೌಸಿನ ಚಿತ್ರ ಬರೆದು, ಭಾಗಗಳಿಗೆ ಗೆರೆ ಎಳೆದು ಹೆಸರು ಕೊಟ್ಟು, ಕೆಂಪು ನೀಲಿ ಪೆನ್ಸಿಲ್ ತೀಡಿ ತರುತ್ತಿದ್ದರು. ಅದರ ಬಾಲ ಎಷ್ಟು ಚೆಂದ! ಮೌಸ್ ಹಿಡಿ ಎಂದರೆ ಮಾತ್ರ ಹಿಂದೆ ಸರಿಯುತ್ತಿದ್ದರು.

2009ರಲ್ಲಿ ಅವನು ಗಂಟಲು ಹರಿದುಕೊಂಡು ಹೇಳಿದ: "ದವಾಖಾನಿ ಓಪಿಡಿಗೆ ಹೋಗ್ರಿ, ಹತ್ತು ಮಂದೀನ ಮಾತಾಡಸ್ರಿ, ಬಂದು ಇಲ್ಲೇ ಕುಂತು ಪಟ್ಟಿ ಮಾಡ್ರಿ."

ಪರೀಕ್ಷೆಯ ಹಿಂದಿನ ದಿನ ನಲವತ್ತು ಜರ್ನಲ್ ಮೇಜಿನ ಮೇಲೆ ಬಂದು ಬಿದ್ದವು. ಪಟ್ಟಿಯ ಮೊದಲ ಸಾಲು: ನಂಬರ್ 1, ತಾಯವ್ವ, ವಯಸ್ಸು 46, ತೇರದಾಳ, ಮೊಣಕಾಲು ನೋವು, ಸುಧಾರಿಸುತ್ತಿದೆ. ಎರಡನೆಯ ಜರ್ನಲ್ಲಿನಲ್ಲೂ ತಾಯವ್ವ. ನಲವತ್ತರಲ್ಲೂ ಅದೇ ತಾಯವ್ವ, ಅದೇ ಹತ್ತು ಜನ.

ಮಹಾಲಿಂಗನ ಮೈ ಉರಿದುಹೋಯಿತು. ತಾಯವ್ವ ಅವನ ಅವ್ವ. ಮೊದಲ ವರ್ಷ ಮಾದರಿ ತೋರಿಸುವಾಗ ಬಾಯಿಗೆ ಬಂದ ಅವ್ವನ ಹೆಸರು, ಆಗಿನ ವಯಸ್ಸು ಹಾಕಿದ್ದ. ಅಂದಿನಿಂದ ಪ್ರತಿ ತಂಡವೂ ಹಿಂದಿನವರದನ್ನು ನಕಲು ಹೊಡೆಯುತ್ತ ಬಂದಿತ್ತು. ಅವನೂ ಕಡೆಯ ಪುಟವಷ್ಟೇ ತೆರೆದು ಸಹಿ ಹಾಕಿ ಕೈತೊಳೆದುಕೊಂಡಿದ್ದ. ಆ ತಪ್ಪು ಅವನದೇ.

ಸಹಿಗಾಗಿ ಕಾದು ನಿಂತಿದ್ದ ಅಕ್ಷತಾಳನ್ನು ಕೇಳಿದ, "ಈ ತಾಯವ್ವನ್ನ ನೀ ನೋಡಿಯೇನ?"

"ಹೂಂರಿ ಸರ್. ಕಾಲ ಮುಟ್ಟಿ ನೋಡೇನ್ರಿ."

"ಯಾವಾಗ?"

"ಹ್ವಾದ ಸೋಮಾರ್ರೀ."

"ಅಕಿ ನಮ್ಮವ್ವ. ಸತ್ತು ವರ್ಷ ಆತು."

ಹುಡುಗಿ ತಲೆ ತಗ್ಗಿಸಿದಳು. ಜರ್ನಲ್ಲನ್ನು ಅವನ ಮುಂದೆ ಸರಿಸಿ, "ಸರ್, ನಾಳಿ ಪರೀಕ್ಷಾ ಐತ್ರಿ. ಸಹಿ..." ಎಂದಳು.

"ಕಂಪ್ಯೂಟರಿನ್ಯಾಗ ಮಾಡಿ ತೋರಸ್ರಿ, ಸಹಿ ಮಾಡ್ತೇನಿ. ಇಲ್ಲಂದ್ರ ಇಲ್ಲ!"

ಅರ್ಧ ಗಂಟೆಯಲ್ಲಿ ಪ್ರಿನ್ಸಿಪಾಲ್ ಬಸಗೊಂಡಪ್ಪನವರೇ ಬಂದರು. "ಇವ್ರು ಡಾಕ್ಟರ್ ಆಗೋರ್ರೀ ಮಹಾಲಿಂಗ, ಟೈಪಿಸ್ಟ್ ಅಲ್ಲ. ಪರೀಕ್ಷಾ ಮಾಡಾಕ ಬಂದವ್ರು ಜರ್ನಲ್ ನೋಡ್ತಾರ, ಕಂಪ್ಯೂಟರ್ ಹಚ್ಚೂದಿಲ್ಲ. ನಿಮ್ಮ ಸಹಿ ಇಲ್ದ ನಲವತ್ತೂ ಮಂದಿ ಹೊರಗ ಕುಂದ್ರಬೇಕಾಕ್ಕೈತಿ."

ಮಹಾಲಿಂಗ ಸೋತ. ನಲವತ್ತು ಮಕ್ಕಳ ಒಂದು ವರ್ಷ ಹಾಳುಮಾಡುವ ಧೈರ್ಯ ಅವನಿಗಿರಲಿಲ್ಲ. ಅವ್ವನಾದರೂ ಈ ಸುಳ್ಳಿನಿಂದ ಪಾರಾಗಲಿ ಎಂದು ಕೆಂಪು ಪೆನ್ನು ತೆಗೆದುಕೊಂಡು ನಲವತ್ತರಲ್ಲೂ ಆ ಮೊದಲ ಸಾಲನ್ನು ಹೊಡೆದುಹಾಕಿದ. ಆಮೇಲೆ ಸಹಿ ಮಾಡಿದ.

ಮರುವರ್ಷ ಹೊಸ ತಂಡ ಜರ್ನಲ್ ತಂದಿತು. ಈ ಸಲ ಅವನು ಮೊದಲ ಪುಟದಿಂದಲೇ ಓದಿದ. ಮೌಸಿನ ಬಾಲ ಇನ್ನೂ ಚೆಂದವಾಗಿತ್ತು. ರೋಗಿಗಳ ಪಟ್ಟಿ ಬಂತು. ಎಲ್ಲರ ಪಟ್ಟಿಯೂ ಎರಡನೆಯ ನಂಬರಿನಿಂದ ಶುರುವಾಗಿತ್ತು.