ಬಾಳೆಹಣ್ಣಿಗೆ ಅಂಜಿದ ಕ್ಯಾಪ್ಟನ್

ಸಮುದ್ರವಿಲ್ಲದ ಊರಿಗೂ ಒಬ್ಬ ಕ್ಯಾಪ್ಟನ್ ಇರುತ್ತಾನೆ ಎಂದರೆ ನೀವು ನಂಬಲಿಕ್ಕಿಲ್ಲ. ನಮ್ಮ ಕಲಬುರಗಿಯಲ್ಲಿ ಇದ್ದಾನೆ. ಹೆಸರು ಆನಂದಕುಮಾರ, ಮನೆ ಬ್ರಹ್ಮಪುರದಲ್ಲಿ, ನೌಕರಿ ಒಂದು ವಿಮಾ ಕಚೇರಿಯಲ್ಲಿ. ಕಚೇರಿಯವರು ಒಮ್ಮೆ ಗೋವಾಕ್ಕೆ ಕರೆದೊಯ್ದಾಗ ಹಾಯಿದೋಣಿಗಳ ಪಂದ್ಯ ನೋಡಿದ. ನೋಡಿದ್ದು ದಂಡೆಯ ಮೇಲೆ ನಿಂತು, ಐಸ್‌ಕ್ರೀಮ್ ನೆಕ್ಕುತ್ತ. ತಿರುಗಿ ಬರುವ ರೈಲು ವಾಡಿ ಜಂಕ್ಷನ್ ಮುಟ್ಟುವಷ್ಟರಲ್ಲಿ ಆ ಪಂದ್ಯದಲ್ಲಿ ಹಾಯಿಯ ಹಗ್ಗವನ್ನು ಈತನೇ ಎಳೆದಿದ್ದ. ಕಲಬುರಗಿಯಲ್ಲಿ ಇಳಿಯುವಾಗ ಚುಕ್ಕಾಣಿಯೂ ಕೈಗೆ ಬಂದಿತ್ತು.

ಅಂದಿನಿಂದ ತಲೆಯ ಮೇಲೆ ಬಿಳಿ ಟೊಪ್ಪಿಗೆ, ಅದರ ಅಂಚಿಗೆ ಜರಿ. ನಾಯಿಯೂ ನೆರಳು ಬಿಟ್ಟು ಬಾರದ ಬಿಸಿಲಿನಲ್ಲಿ ಈ ಮಹಾಶಯ ಜಗತ್ ಸರ್ಕಲ್ಲಿನಲ್ಲಿ ಬೆರಳು ನೆಕ್ಕಿ ಮೇಲೆತ್ತಿ ಗಾಳಿಯ ದಿಕ್ಕು ನೋಡುತ್ತಿದ್ದ. ಚಹಾದಂಗಡಿಯ ಶಬ್ಬೀರ್ ಸುಮ್ಮನೆ ಬಿಡುವವನೇ?

"ಕ್ಯಾಪ್ಟನ್ ಸಾಬ್, ಗಾಳಿ ಯಾವ ಕಡಿಂದ ಬೀಸಾಕತ್ತದ್ರಿ?"

"ನೈಋತ್ಯ."

"ಅಲ್ರೀ, ಅದು ನಮ್ಮ ಭಜಿ ಕಡಾಯಿ ಹೊಗಿ. ಇರ್ಲಿ, ದೋಣ್ಯಾಗ ಕುಂತ ಒಂದ್ ಫೋಟೋರ ತೋರಸ್ರಿ. ಕಣ್ ತುಂಬ್ಕೋತೀವಿ."

ಫೋಟೋ ಎಲ್ಲಿಂದ ಬರಬೇಕು? "ಈ ವರ್ಷದ ಪಂದ್ಯಕ್ಕ ಹೋಗಾಕತ್ತೀನಿ, ತರ್ತೇನಿ ತಗೋ" ಎಂದು ಬಾಯಿ ಬಿಟ್ಟ. ಸಿಕ್ಕಿಬಿದ್ದ. ಇನ್ನು ದೋಣಿ ಹತ್ತದೆ ಬಂದರೆ ಜಗತ್ ಸರ್ಕಲ್ಲಿನಲ್ಲಿ ಮುಖ ತೋರಿಸುವಂತಿರಲಿಲ್ಲ.

ಪಂದ್ಯವೇನೋ ದೊಡ್ಡ ಮನಸ್ಸಿನದು. ದಂಡೆಗುಂಟ ಸಾಗುವ ಹವ್ಯಾಸಿಗಳ ಪಂದ್ಯ. ಈಜು ಬಾರದವರಿಗೆ ತೇಲುವ ಜಾಕೀಟು ಕೊಡುತ್ತಾರೆ, ಒಂದು ಕಾಲಿಲ್ಲದವನಿಗೂ ಎಳೆಯಲು ಒಂದು ಹಗ್ಗ ಸಿಗುತ್ತದೆ, ಜೀವಮಾನದಲ್ಲಿ ಅಲೆ ಕಾಣದವನನ್ನೂ ಕೂರಿಸಿಕೊಳ್ಳುತ್ತಾರೆ. ಅಂಥಲ್ಲಿ ಆನಂದಕುಮಾರನಿಗೂ ಜಾಗ ಸಿಕ್ಕಿತು. ಆ ದೋಣಿ ಹೊರಲಾರದ ಒಂದೇ ಸಾಮಾನೆಂದರೆ ಅವನ ಡೌಲು. ಅದನ್ನೂ ಹೊತ್ತುಕೊಂಡೇ ಹೊರಟ.

ಹೆಂಡತಿ ರಾಜೇಶ್ರೀ ಕಮಲಾಪುರದವಳು. ಅವಳ ಅಪ್ಪ ರೇವಣನದು ಕೆಂಪು ಬಾಳೆಯ ತೋಟ. ಅಳಿಯ ಉಬ್ಬಿದ್ದು ಆ ಹಣ್ಣು ತಿಂದೇ.

"ನಾನೂ ಬರ್ತೇನ್ರಿ. ಸಮುದ್ರ ಹೆಂಗಿರ್ತದ, ಒಮ್ಮಿ ನೋಡ್ತೇನಿ" ಎಂದಳು.

"ಗಂಡಸರ ಆಟ ಅದು. ನೀ ಬಂದ್ ಏನ್ ಮಾಡ್ತಿ?"

"ನೀವು ಮುಳುಗಿದ್ರ ಚೀರಾಕರ ಒಬ್ರು ಬೇಕಲ್ಲ!"

ಹೀಗೆ ಅವಳೂ ಹೊರಟಳು. ಹೊಸ ನೀರು ಕಂಡರೆ ಹಣ್ಣು ಕೊಟ್ಟು ಗಂಗವ್ವನ ಉಡಿ ತುಂಬದೆ ಮುಂದೆ ಹೋಗಬಾರದೆಂಬುದು ನಮ್ಮ ಕಡೆಯ ರೂಢಿ. ಹಳ್ಳವಿದ್ದರೂ ಅಷ್ಟೇ, ಹೊಳೆಯಿದ್ದರೂ ಅಷ್ಟೇ. ಇದು ಸಮುದ್ರ! ರೇವಣ ತೋಟದಲ್ಲಿ ಹುಡುಕಿ ಹುಡುಕಿ ಬಾಳೆಹಣ್ಣಿನ ಒಂದು ಚಿಪ್ಪು ಕೊಯ್ದು ಮಗಳ ಚೀಲದಲ್ಲಿಟ್ಟ. ದಾರಿಯುದ್ದಕ್ಕೂ ಅವಳು ಅದನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದಳು.

ಗೋವಾದ ದೋಣಿಕಟ್ಟೆಯಲ್ಲಿ ಗಂಡ ಹತ್ತಬೇಕಾದ ದೋಣಿಯ ಮೂತಿಗೆ ಕುಂಕುಮ ಹಚ್ಚಿದಳು, ಬಾಳೆಯ ಚಿಪ್ಪನ್ನು ಅದರ ಮೇಲಿಟ್ಟು ಕೈಮುಗಿದಳು. ಗಂಡನ ಸಲುವಾಗಿಯೇ ಬೇಡಿಕೊಂಡಳು, ಪಾಪ. ಅಷ್ಟರಲ್ಲಿ ದೋಣಿ ನಡೆಸುವಾಕೆ ಬಂದಳು. ಹೌದು, ಗಂಡಸರ ಆಟದ ಆ ದೋಣಿಗೆ ಯಜಮಾನಿ ಹೆಂಗಸು, ಭಟ್ಕಳದ ಮೆಹರೀನ್. ಹಣ್ಣು ಕಂಡದ್ದೇ ನಿಂತಳು.

"ಅಯ್ಯೋ! ದೋಣಿಯ ಮೇಲೆ ಬಾಳೆಹಣ್ಣಾ? ಯಾರದ್ದು ಮಾರಾಯ್ರೆ ಇದು?"

ದೋಣಿಯಲ್ಲಿದ್ದವರೆಲ್ಲ ಹೋ ಎಂದರು. ಹಾಯಿ ಕಟ್ಟುವವರಲ್ಲಿ ಒಂದು ನಂಬಿಕೆ ಇದೆಯಂತೆ: ಬಾಳೆಹಣ್ಣು ಹತ್ತಿದ ದೋಣಿಗೆ ಅಪಶಕುನ. ಆನಂದಕುಮಾರನ ಲೆಕ್ಕದಲ್ಲಿ ಜಾಗ ಹೋಯಿತು, ಫೋಟೋ ಹೋಯಿತು, ಶಬ್ಬೀರ್ ಹಲ್ಲು ಕಿಸಿದಂತೆ ಕಂಡಿತು. ಪಕ್ಕದಲ್ಲಿ ನಿಂತ ಹೆಂಡತಿಯಿಂದ ಎರಡು ಹೆಜ್ಜೆ ಸರಿದ.

"ನನಗೇನ್ ಗೊತ್ರೀ ಮೇಡಂ. ಯಾವಳೋ ಹಣ್ಣು ಮಾರಾಕಿ, ತಂದಿಟ್ಟಾಳ."

ಮೆಹರೀನ್ ರಾಜೇಶ್ರೀಯ ಕಡೆ ನೋಡಿದಳು. ರಾಜೇಶ್ರೀ ಗಂಡನ ಕಡೆ ನೋಡಿದಳು. ಆತ ಟೊಪ್ಪಿಗೆ ಸರಿಮಾಡಿಕೊಳ್ಳುತ್ತಿದ್ದ.

"ಹೌದ್ರಿ" ಎಂದಳು ರಾಜೇಶ್ರೀ, ಹಣ್ಣು ಎತ್ತಿಕೊಂಡು. "ಹಣ್ಣಿನಾಕಿನೇ. ಈ ಸಾಹೇಬರು ಯಾರೋ, ನನಗೂ ಗುರ್ತಿಲ್ಲ."

"ಛೇ, ಬೇಜಾರು ಮಾಡ್ಕೋಬೇಡಿ ಅಕ್ಕಾ" ಎಂದಳು ಮೆಹರೀನ್. "ನಮ್ಮದೊಂದು ಹುಚ್ಚು ಅಷ್ಟೇ. ದಂಡೆಯ ಮೇಲಿಟ್ಟರೆ ಮುಗೀತು. ಬಂದ ಮೇಲೆ ನಾವೇ ತಿಂತಿದ್ವಿ."

ಮುಗಿದೇ ಹೋಗುವ ಮಾತು! ಅಷ್ಟಕ್ಕೆ ಕಟ್ಟಿಕೊಂಡವಳನ್ನು ನೀರಿಗೆ ಬಿಟ್ಟ ಗಂಡು ಇವನು. ಆಗಲಾದರೂ ಬಾಯಿ ತೆರೆದನೇ? ಇಲ್ಲ. ಜಾಕೀಟು ಬಿಗಿದುಕೊಂಡು ದೋಣಿ ಹತ್ತಿ ಕೂತ. ರಾಜೇಶ್ರೀ ದಂಡೆಗಿಳಿದು ಹಣ್ಣನ್ನು ಅಲೆಗೆ ಕೊಟ್ಟಳು, ಮುಖ ತೊಳೆದುಕೊಂಡಳು, ಬಸ್ ಹಿಡಿದಳು.

ಪಂದ್ಯದಲ್ಲಿ ಕ್ಯಾಪ್ಟನ್ ಮಾಡಿದ್ದು ವಾಂತಿ. ಹಗ್ಗವನ್ನು ಪಕ್ಕದಲ್ಲಿ ಕೂತಿದ್ದ ಒಂದು ಕಾಲಿನ ಮನುಷ್ಯನೇ ಇಬ್ಬರ ಪಾಲಿನದೂ ಎಳೆದ. ಫೋಟೋ ಮಾತ್ರ ಬಂತು. ಶಬ್ಬೀರ್ ನೋಡಿ, "ಚಲೋ ಬಂದದ. ವೈನಿ ಎಲ್ಲಿ?" ಎಂದ.

ವೈನಿ ಕಮಲಾಪುರದ ತವರಿನಲ್ಲಿದ್ದಳು. ವಾರ ಕಳೆದರೂ ಬಾರದಾಗ ಆನಂದಕುಮಾರ ಕರೆಯಲು ಹೋದ. ತೋಟದ ಬಾಗಿಲಲ್ಲಿ ಹಣ್ಣು ಕೊಳ್ಳುವ ಮಂದಿ ನಿಂತಿದ್ದರು. ರಾಜೇಶ್ರೀ ತಲೆಯೆತ್ತಿ ನೋಡಿ ಒಳಗೆ ಕೂಗಿದಳು:

"ಅಪ್ಪಾ, ಇನ್ನೊಂದ್ ಗಿರಾಕಿ ಬಂದದ. ಎಷ್ಟ್ ಬೇಕಂತ ಕೇಳು."

ಮಂದಿ ತಿರುಗಿ ನೋಡಿದರು. ನಾನು ಗಿರಾಕಿಯಲ್ಲ, ಈಕೆಯ ಗಂಡ, ತಪ್ಪಾಯಿತು ಎನ್ನಲು ಅಷ್ಟು ಜನರ ಮುಂದೆ ಒಂದು ಮಾತು ಸಾಕಿತ್ತು. ಕ್ಯಾಪ್ಟನ್ ಟೊಪ್ಪಿಗೆ ಸರಿಮಾಡಿಕೊಂಡ.

"ಒಂದ್ ಡಜನ್" ಎಂದ.

ಹಣ್ಣು ಕಟ್ಟಿಸಿಕೊಂಡು ಕಲಬುರಗಿಯ ಬಸ್ ಹತ್ತಿದ.