ಕೆಂಡೋತಿಗೆ ಊರ ಬೂದಿ

ನೆರೂಳ ಸ್ಟೇಷನ್ನಿನ ಹೊರಗೆ ವನಜಕ್ಕನ ಇಡ್ಲಿ ಅಂಗಡಿ. ಇಡ್ಲಿ ಪರವಾಗಿಲ್ಲ, ಚಹಾ ಮಾತ್ರ ಬರೀ ಸಕ್ಕರೆ. ಗ್ಯಾಸ್ ಒಲೆ ಎರಡಿದ್ದರೂ ಮೂಲೆಯಲ್ಲೊಂದು ಇದ್ದಲ ಒಲೆ ಉರಿಯುತ್ತಿತ್ತು. ಅದರ ಮೇಲೆ ಪಾತ್ರೆಯಿಲ್ಲ. ಯಾಕಪ್ಪಾ ಎಂದು ಬಗ್ಗಿ ನೋಡಿದರೆ ಬೂದಿಯೊಳಗೆ ಕೆಂಡೋತಿ! ಬೆರಳುದ್ದದ ಮೈ, ಮಡಚಿಟ್ಟ ರೆಕ್ಕೆ, ಆಕಳಿಸಿದರೆ ಎರಡು ಕಿಡಿ. ಚಿಕ್ಕಂದಿನಲ್ಲಿ ಅಜ್ಜಿ ಊದುಗೊಳವೆ ಊದಿದಾಗ ನಿದ್ದೆ ಕೆಟ್ಟ ಸಿಟ್ಟಿನಲ್ಲಿ ಒಲೆಯಿಂದ ಹೊರಬರುತ್ತಿದ್ದ ಪುಟ್ಟ ಡ್ರ್ಯಾಗನ್ ಇದೇ. ನೋಡದೆ ಎಷ್ಟು ಕಾಲವಾಯಿತು!

“ಮದುವೆಯಾಗಿ ಬರುವಾಗ ಅಮ್ಮ ಟಿಫಿನ್ ಡಬ್ಬಿಯಲ್ಲಿ ಹಾಕಿ ಕೊಟ್ಟದ್ದು” ಎಂದರು ವನಜಕ್ಕ. “ಎಲ್ಲ ಸರಿ ಉಂಟು, ಮೊಟ್ಟೆ ಮಾತ್ರ ಇಡುವುದಿಲ್ಲ. ಅದಕ್ಕೆ ಊರ ಒಲೆಯ ಬೂದಿಯೇ ಆಗಬೇಕು. ಉಡುಪಿಯಿಂದ ಯಾರು ಬಂದರೂ ಕೇಳುತ್ತೇನೆ. ನೀವು ತಂದಿದ್ದೀರಾ?”

ನನ್ನ ಚೀಲದಲ್ಲಿ ಹಪ್ಪಳವಿತ್ತು, ಉಪ್ಪಿನಕಾಯಿ ಇತ್ತು. “ಮನೆಯಲ್ಲಿ ಒಲೆ ತೆಗೆಸಿ ಗ್ಯಾಸ್ ಹಾಕಿಸಿದ್ದೇವೆ ಅಕ್ಕ” ಎಂದೆ.

“ಪಕ್ಕದ ಮನೆಯಲ್ಲಿ?”

“ಅಲ್ಲಿಯೂ ಗ್ಯಾಸೇ.”

ಅವರ ಕೈಯ ಸೌಟು ನಿಂತಿತು. “ಹಾಗಾದರೆ ಅಲ್ಲಿ ಇವೆಲ್ಲ ಎಲ್ಲಿ ಮಲಗುತ್ತವೆ ಮಾರಾಯ್ರೆ?”

ಪನ್ವೇಲ್ ಲೋಕಲ್ ಬರುವ ಹೊತ್ತಾಗಿತ್ತು, ಎದ್ದೆ. ವನಜಕ್ಕ ಕೆಂಡೋತಿಯನ್ನು ಮೆಲ್ಲಗೆ ಬದಿಗೆ ಸರಿಸಿ, ಅದು ಮಲಗಿದ್ದಲ್ಲಿಂದಲೇ ಒಂದು ಹಿಡಿ ಬೂದಿ ತೆಗೆದು, ಮರಾಠಿ ಪೇಪರಿನಲ್ಲಿ ಕಟ್ಟಿ ನನ್ನ ಕೈಗಿಟ್ಟರು.

“ಊರಿಗೆ ಕೊಂಡುಹೋಗಿ. ಒಂದಾದರೂ ಉಳಿದಿದ್ದರೆ ಮಲಗಲಿ.”