ಎತ್ತಿನ ಬಣ್ಣದ ಕಾರು

ದುಬಾರಿ ಸ್ಪೋರ್ಟ್ಸ್ ಕಾರು ಕೊಳ್ಳುವವರು ಕೇಳಿದ ಬಣ್ಣ ಹೊಂದಿಸಿಕೊಡುವುದು ನನ್ನ ಕೆಲಸ. ಶ್ರೀಗಂಧದ ಕಾವಲಿನ ಗೌಡರೊಬ್ಬರು ತಮ್ಮ ಮುದ್ದಿನ ಎತ್ತಿನ ಬಣ್ಣವೇ ಬೇಕು, ನೀವೇ ಹೋಗಿ ನೋಡ್ಕೊಳ್ಳಿ ಎಂದರು. ಸಂಕ್ರಾಂತಿಯ ಮಾರನೇ ದಿನ ಕೊಟ್ಟಿಗೆಗೆ ಹೋಗಿ, ಒದೆ ತಪ್ಪಿಸಿಕೊಂಡು, ಎತ್ತಿನ ಬೆನ್ನಿಗೆ ಬಣ್ಣದ ಕಾರ್ಡುಗಳನ್ನು ಹಿಡಿದು ಒಂದನ್ನು ಆರಿಸಿದೆ.

ತಿಂಗಳುಗಳಾದ ಮೇಲೆ ಕಾರು ಮನೆಗೆ ಬಂತು. ಗೌಡರ ತಾಯಿ ಬಾನೆಟ್ ಸವರಿ, "ಏನಪ್ಪಾ, ಹಬ್ಬಕ್ಕೆ ಎತ್ತಿಗೆ ಬಳಿದಿದ್ದ ಅರಿಶಿನಾನೂ ಸೇರಿಸಿಬಿಟ್ಯಾ?" ಎಂದರು. ಪಕ್ಕದಲ್ಲೇ ಎತ್ತು ಹಾಲಿನಂತೆ ಬೆಳ್ಳಗೆ ನಿಂತಿತ್ತು. ನನ್ನ ಕೆಲಸ ಹೋಯಿತು ಅಂದುಕೊಂಡೆ.

"ಇರ್ಲಿ ಬಿಡಿ ಸಾರ್," ಎಂದರು ಗೌಡರು. "ಕಾರಿಗೆ ಮತ್ತೆ ಬಣ್ಣ ಹೊಡ್ಸೋಕೆ ವರ್ಷ ಹಿಡಿಯುತ್ತೆ. ಎತ್ತಿಗೆ ಅರಿಶಿನ ಬಳಿಯೋಕೆ ಐದೇ ನಿಮಿಷ."

ಈಗ ಆ ಎತ್ತಿಗೆ ವರ್ಷವಿಡೀ ಸಂಕ್ರಾಂತಿ.